ಮಕ್ಕಳಿಗೆ ಈಜು ಕಲಿಸಿರಿ

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್ ಮುಸ್ತಫಾರ(ಸ) ಮೇಲೂ ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೂ ಶಾಂತಿ, ಅನುಗ್ರಹಗಳಿರಲಿ.



ನೀರು ಅಲ್ಲಾಹನ ಮಹಾ ಅನುಗ್ರಹಗಳಲ್ಲೊಂದು. ಜೀವವಿರುವ ಪ್ರತಿಯೊಂದನ್ನೂ ನೀರಿನಿಂದ ಉಂಟುಮಾಡಿರುವುದಾಗಿ ಅವನು ಸೂರಃ ಅಲ್ ಅಂಬಿಯಾದಲ್ಲಿ ತಿಳಿಸಿದ್ದಾನೆ. ನಮ್ಮ ನಮಾಝ್‌ಗೆ ಸಿದ್ಧತೆ ಆರಂಭವಾಗುವುದು ನೀರಿನಿಂದ. ಹುಟ್ಟಿದ ಮಗುವಿಗೆ ಮೊದಲ ಸ್ನಾನ ನೀರಿನಿಂದ. ಮಯ್ಯಿತ್ತನ್ನು ಕಬರಸ್ತಾನಕ್ಕೆ ಒಯ್ಯುವ ಮುನ್ನ ಕಡೆಯ ಸ್ನಾನವೂ ನೀರಿನಿಂದಲೇ. ಇಷ್ಟು ಹತ್ತಿರದ ನೀರಿನ ವಿಷಯದಲ್ಲಿ ನಾವು ನಮ್ಮ ಮಕ್ಕಳಿಗೆ ಏನು ಕಲಿಸಿದ್ದೇವೆ? ವುಝೂ ಮಾಡುವ ಕ್ರಮವನ್ನು ಕಲಿಸಿದ್ದೇವೆ. ಗುಸ್ಲ್‌ನ ಕ್ರಮವನ್ನೂ ಕಲಿಸಿದ್ದೇವೆ. ಆದರೆ ಅದೇ ನೀರು ಎದೆಮಟ್ಟ ಏರಿ, ಕಾಲಿಗೆ ನೆಲ ಸಿಗದಂತಾದಾಗ ಏನು ಮಾಡಬೇಕೆಂದು ಕಲಿಸಿದ್ದೇವೆಯೇ?

ಈಜು, ನೀರಾಟ, ದೋಣಿ ನಡೆಸುವುದು ಇವೆಲ್ಲ ಪೋಲಿ ಹುಡುಗರ ಕೆಲಸವೆಂದೂ ದೀನ್‌ದಾರರ ಮನೆಯ ಮಕ್ಕಳಿಗೆ ಅದು ಸಲ್ಲದೆಂದೂ ಭಾವಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಆಟವೆಂದರೆ ಸಮಯದ ಪೋಲು, ಸಮಯದ ಪೋಲು ಪಾಪ ಎಂಬುದು ಅವರ ತರ್ಕ. ಈ ತರ್ಕವು ನೋಡಲು ಧಾರ್ಮಿಕವಾಗಿದ್ದರೂ ಪ್ರವಾದಿವರ್ಯರ(ಸ) ಜೀವನದೊಂದಿಗೆ ಹೊಂದಿಕೆಯಾಗುವುದಿಲ್ಲ.

ವಿನೋದಕ್ಕೂ ಒಂದು ಗಳಿಗೆ

ಸಹೀಹ್ ಮುಸ್ಲಿಮ್‌ನಲ್ಲಿ ಹಂಝಲಾ(ರ) ಎಂಬ ಸಹಾಬಿಯ ಘಟನೆಯಿದೆ. ಪ್ರವಾದಿಯವರ(ಸ) ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣಿಗೆ ಕಂಡಂತಾಗುತ್ತವೆ, ಮನೆಗೆ ಹೋಗಿ ಹೆಂಡತಿ ಮಕ್ಕಳೊಡನೆ ಬೆರೆತೊಡನೆ ಎಷ್ಟೋ ಮರೆತುಹೋಗುತ್ತದೆ. ಹಾಗಾದರೆ ನಾನು ಕಪಟವಿಶ್ವಾಸಿಯಾದೆನೇ ಎಂದು ಅವರು ಕಂಗಾಲಾದರು. ಹ. ಅಬೂಬಕ್ಕರ್(ರ) ಕೂಡ ತಮ್ಮ ಸ್ಥಿತಿಯೂ ಅದೇ ಎಂದರು. ಇಬ್ಬರೂ ಪ್ರವಾದಿಯವರ(ಸ) ಬಳಿಗೆ ಹೋದಾಗ ಅವರು ಗದರಿಸಲಿಲ್ಲ. ಸದಾ ಒಂದೇ ಸ್ಥಿತಿಯಲ್ಲಿದ್ದರೆ ಮಲಕ್‌ಗಳೇ ಬಂದು ನಿಮ್ಮ ಕೈಕುಲುಕುತ್ತಿದ್ದರು, ಆದರೆ ಮನುಷ್ಯನಿಗೆ ಅದಕ್ಕೊಂದು ಗಳಿಗೆ, ಇದಕ್ಕೊಂದು ಗಳಿಗೆ ಎಂದು ಮೂರು ಬಾರಿ ಸಮಾಧಾನ ಹೇಳಿದರು.

ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ದೇಹವನ್ನು ದಂಡಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್‌ರಿಗೆ(ರ) ಶರೀರಕ್ಕೂ ಕಣ್ಣಿಗೂ ಮಡದಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ನೆನಪಿಸಿದವರು ಅವರೇ. ಹ. ಆಯಿಶಾರೊಂದಿಗೆ(ರ) ಅವರು ಓಟದ ಪಂದ್ಯ ನಡೆಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಮೊದಲ ಸಲ ಆಯಿಶಾ(ರ) ಗೆದ್ದರು, ವರ್ಷಗಳ ನಂತರ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ನಗೆಯಾಡಿದರು. ಅಬಿಸೀನಿಯದವರು ಮಸೀದಿಯಲ್ಲೇ ಈಟಿಯ ಆಟ ಆಡಿದಾಗ ಅವರು ತಡೆಯಲಿಲ್ಲ; ಆಯಿಶಾರಿಗೆ(ರ) ಮನಸ್ಸು ತಣಿಯುವವರೆಗೂ ನೋಡಲು ಬಿಟ್ಟರು. ದುರ್ಬಲ ವಿಶ್ವಾಸಿಗಿಂತ ಬಲಿಷ್ಠ ವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಆ ಬಲ ಮೊದಲಿಗೆ ಈಮಾನಿನದು, ನಿಜ. ಆದರೆ ಸೊಂಟ ಬಾಗಿಸಲಾಗದ ದೇಹ ಸಜ್ದಾವನ್ನೂ ಸರಿಯಾಗಿ ಮಾಡಲಾರದು.

ಬಾವಿಯಲ್ಲಿ ಈಜು ಕಲಿತ ಬಾಲಕ

ಈಜಿನ ವಿಷಯಕ್ಕೆ ಬರೋಣ. ಪ್ರವಾದಿಯವರು(ಸ) ಆರು ವರ್ಷದ ಬಾಲಕರಾಗಿದ್ದಾಗ ತಾಯಿ ಆಮಿನಾ ಅವರನ್ನು ಮದೀನಾದ ಬಂಧುಗಳ ಮನೆಗೆ ಕರೆದೊಯ್ದಿದ್ದರು. ಮರಳುವ ದಾರಿಯಲ್ಲಿ ಅಬ್‌ವಾ ಎಂಬಲ್ಲಿ ಆ ತಾಯಿ ತೀರಿಕೊಂಡರು. ಹಿಜ್ರತ್‌ನ ಬಳಿಕ ಆ ಮನೆಯನ್ನು ಕಂಡಾಗ ಪ್ರವಾದಿಯವರಿಗೆ(ಸ) ಬಾಲ್ಯದ ಆ ದಿನಗಳು ನೆನಪಾದವು. ಬನೂ ಅದಿಯ್ಯ್ ಬಿನ್ ನಜ್ಜಾರ್‌ರ ಬಾವಿಯಲ್ಲಿ ತಾವು ಚೆನ್ನಾಗಿ ಈಜು ಕಲಿತದ್ದನ್ನು ಅವರು ಹೇಳಿಕೊಂಡರೆಂದು ಇಬ್ನು ಸಅದ್ ತಮ್ಮ ತಬಕಾತ್‌ನಲ್ಲಿ ದಾಖಲಿಸಿದ್ದಾರೆ. ತಾಯಿಯೊಂದಿಗೆ ಕಳೆದ ಕೊನೆಯ ದಿನಗಳ ನೆನಪಿನಲ್ಲಿ ಒಂದು ಬಾವಿಯ ಈಜು ಐವತ್ತು ಸಮೀಪಿಸಿದ ವಯಸ್ಸನ್ನು ದಾಟಿದ ಮೇಲೂ ಉಳಿದಿತ್ತು. ಮರಳುಗಾಡಿನ ನಾಡಿನಲ್ಲಿ, ನದಿಯಿಲ್ಲದ ಊರಿನಲ್ಲಿ, ಒಂದು ಬಾವಿಯೇ ಈಜಿನ ಶಾಲೆಯಾಗಿತ್ತು ಎಂಬುದನ್ನು ಗಮನಿಸಿರಿ.

ಅಬಿಸೀನಿಯಕ್ಕೆ ವಲಸೆ ಹೋದ ಸಹಾಬಿಗಳ ಇನ್ನೊಂದು ಘಟನೆ ಇಬ್ನು ಹಿಶಾಮ್‌ರ ಸೀರತ್ ಗ್ರಂಥದಲ್ಲಿದೆ. ಆಶ್ರಯ ನೀಡಿದ ನಜ್ಜಾಶಿ ದೊರೆಯ ವಿರುದ್ಧ ಶತ್ರುವೊಬ್ಬ ದಂಡೆತ್ತಿ ಬಂದಿದ್ದ. ನೈಲ್ ನದಿಯಾಚೆ ಕಾಳಗ. ಸುದ್ದಿ ತರುವವರು ಯಾರು? ಎಲ್ಲರಿಗಿಂತ ಕಿರಿಯರಾದ ಝುಬೈರ್ ಬಿನ್ ಅವ್ವಾಮ್(ರ) ಮುಂದೆ ಬಂದರು. ಉಳಿದವರು ನೀರಿನ ಚರ್ಮದ ಚೀಲಕ್ಕೆ ಗಾಳಿ ಊದಿ ಕೊಟ್ಟರು. ಅದನ್ನು ಎದೆಯಡಿ ಇಟ್ಟುಕೊಂಡು ಅವರು ನೈಲನ್ನು ಈಜಿ ದಾಟಿ, ನಜ್ಜಾಶಿಯ ವಿಜಯದ ಸುದ್ದಿಯನ್ನು ತಂದರು. ಇದನ್ನು ವರದಿ ಮಾಡಿದವರು ಉಮ್ಮು ಸಲಮಾ(ರ). ನಮ್ಮ ಹಳ್ಳಿಗಳಲ್ಲಿ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಈಜು ಕಲಿಸುತ್ತಿದ್ದುದನ್ನು ಕಂಡವರಿಗೆ ಈ ಗಾಳಿಚೀಲ ಅಪರಿಚಿತವೆನಿಸದು.

ದ್ಸಿಕ್ರ್ ಇಲ್ಲದ ಎಲ್ಲವೂ ಬರಿಯ ವಿನೋದವೆಂದೂ ಆದರೆ ನಾಲ್ಕು ಸಂಗತಿಗಳು ಅದರಿಂದ ಹೊರತೆಂದೂ ತಿಳಿಸುವ ಹದೀಸನ್ನು ಇಮಾಮ್ ನಸಾಈ ಉದ್ಧರಿಸಿದ್ದಾರೆ. ಬಿಲ್ಗಾರಿಕೆಯ ಅಭ್ಯಾಸ, ಕುದುರೆಯನ್ನು ಪಳಗಿಸುವುದು, ಮಡದಿಯೊಂದಿಗಿನ ಸರಸ ಮತ್ತು ಈಜಿನ ಕಲಿಕೆ ಆ ನಾಲ್ಕು. ಮಕ್ಕಳಿಗೆ ಈಜು, ಬಿಲ್ವಿದ್ಯೆ, ಸವಾರಿಗಳನ್ನು ಕಲಿಸಬೇಕೆಂಬ ಪ್ರಸಿದ್ಧ ಮಾತನ್ನು ಜನರು ಹದೀಸೆಂದೇ ಹೇಳುತ್ತಾರೆ. ಅದನ್ನು ಹ. ಉಮರ್‌ರ(ರ) ಮಾತೆಂದು ಹೇಳುವುದೇ ಹೆಚ್ಚು ಸರಿ. ಹುಡುಗರಿಗೆ ಈಜು ಕಲಿಸುವಂತೆ ಅವರು ಅಬೂ ಉಬೈದಾರಿಗೆ(ರ) ಪತ್ರ ಬರೆದದ್ದು ಮುಸ್ನದ್ ಅಹ್ಮದ್‌ನಲ್ಲಿದೆ. ಖಲೀಫರೊಬ್ಬರು ಸೇನಾಪತಿಗೆ ಬರೆದ ಆಜ್ಞೆಯಲ್ಲಿ ಮಕ್ಕಳ ಈಜಿಗೆ ಸ್ಥಳ ಸಿಕ್ಕಿತೆಂದರೆ ಅದು ಪೋಲಿ ಕೆಲಸವಾಗಿರಲು ಸಾಧ್ಯವೇ? ಅದೇ ಉಮರ್(ರ) ಇಹ್ರಾಮ್‌ನಲ್ಲಿದ್ದಾಗ ತರುಣ ಇಬ್ನು ಅಬ್ಬಾಸ್‌ರನ್ನು(ರ) ಕರೆದು, ನೀರಿನೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ನೋಡೋಣವೆಂದು ಪಂದ್ಯ ಕಟ್ಟಿದ್ದನ್ನು ಇಮಾಮ್ ಶಾಫಿಈ ವರದಿ ಮಾಡಿದ್ದಾರೆ. ದೇವಭಯಕ್ಕೂ ನೀರಾಟಕ್ಕೂ ವೈರವಿಲ್ಲವೆನ್ನಲು ಬೇರೆ ಪುರಾವೆ ಬೇಕಿಲ್ಲ.

ನದಿಯಿಲ್ಲದ ಸೀಮೆಯಲ್ಲಿ

ಕರಾವಳಿಯ ಓದುಗರಿಗೆ ನದಿ ಸಮುದ್ರಗಳು ಮನೆಬಾಗಿಲಿನ ಸಂಗತಿ. ನಮ್ಮ ಕೋಲಾರ ಸೀಮೆ ಹಾಗಲ್ಲ. ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದ ಮಾಲೂರು ತಾಲ್ಲೂಕಿನ ಈ ಮಾಸ್ತಿಯಾಗಲಿ, ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ವರ್ಷವಿಡೀ ಹರಿಯುವ ಒಂದು ಹೊಳೆಯನ್ನೂ ಕಂಡಿಲ್ಲ. ಇಲ್ಲಿ ಹಿರಿಯರು ಕಟ್ಟಿದ ಕೆರೆಗಳೂ ತೋಡಿದ ಬಾವಿಗಳೂ ಇದ್ದವು. ಕಪಿಲೆ ಹೊಡೆಯುತ್ತಿದ್ದ ಆ ಬಾವಿಗಳಲ್ಲೇ ನಮ್ಮ ತಂದೆ ತಾತಂದಿರು ಈಜು ಕಲಿತರು. ಆಮೇಲೆ ಅಂತರ್ಜಲ ಇಳಿಯಿತು. ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದವು. ಕೊಳವೆ ಬಾವಿಯಿಂದ ಬೆಳೆ ತೆಗೆಯಬಹುದು. ಅದರಲ್ಲಿ ಮಗು ಈಜು ಕಲಿಯಲಾರದು. ಹೀಗೆ ಒಂದು ತಲೆಮಾರು ನೀರಿನ ಪರಿಚಯವೇ ಇಲ್ಲದೆ ಬೆಳೆಯಿತು.

ಈಗ ನೀರು ಮರಳಿದೆ, ಬೇರೆ ರೂಪದಲ್ಲಿ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಆರಂಭವಾದ ಮೇಲೆ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಪ್ಲಾಸ್ಟಿಕ್ ಹಾಸಿದ ಅವುಗಳ ಇಳಿಜಾರು ಎಷ್ಟು ಜಾರುತ್ತದೆಂದರೆ ಬಿದ್ದವನು ಈಜುಗಾರನಾದರೂ ಮೇಲೆ ಹತ್ತುವುದು ಕಷ್ಟ. ಟೇಕಲ್ ಕಡೆಯ ಕಲ್ಲು ಗಣಿಗಳ ಹಳೆಯ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಆರಂಭವಾಯಿತು. ಅಂತರ್ಜಲ ಹೆಚ್ಚಲೆಂದು ತುಂಬಿಸಿದ ಆ ನೀರು ಸ್ನಾನಕ್ಕಾಗಲಿ ಈಜಿಗಾಗಲಿ ತಕ್ಕದ್ದಲ್ಲ. ಆದರೆ ತುಂಬಿದ ಕೆರೆಯನ್ನು ಕಂಡ ಹುಡುಗನಿಗೆ ಈ ವ್ಯತ್ಯಾಸ ಯಾರು ಹೇಳಬೇಕು?

2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ಮಕ್ಕಳು ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋಗಿದ್ದರು. ಸಮುದ್ರಕ್ಕಿಳಿದವರಲ್ಲಿ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಲುಕಿ ಪ್ರಾಣ ಕಳೆದುಕೊಂಡರು. ಜಿಲ್ಲೆಯ ಮನೆಮನೆಯೂ ಅಂದು ಮರುಗಿತು. ಆ ಮಕ್ಕಳು ಯಾವ ಜಾತಿ, ಯಾವ ಮತದವರು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಅವರು ನಮ್ಮ ಸೀಮೆಯ ಮಕ್ಕಳು. ತೀರಕ್ಕೆ ಬಂದ ಅಲೆಗಳ ನೀರು ಕಿರಿದಾದ ಜಾಡಿನಲ್ಲಿ ರಭಸದಿಂದ ಕಡಲಿಗೆ ಮರಳುತ್ತದೆ. ಆ ಸೆಳೆತಕ್ಕೆ ಸಿಕ್ಕವನು ದಡದತ್ತ ಹೋರಾಡಿ ದಣಿಯದೆ, ಮೊದಲು ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಬಳಿಕ ತೀರ ಸೇರಬೇಕು. ಈಜು ಬಲ್ಲವರನ್ನೂ ಕಡಲು ಸೋಲಿಸುತ್ತದೆ, ನಿಜ. ಆದರೆ ನೀರನ್ನು ಬಲ್ಲವನಿಗೆ ಎಲ್ಲಿ ಇಳಿಯಬಾರದೆಂಬ ತಿಳಿವೂ ಇರುತ್ತದೆ. ಈಜಿನ ಮೊದಲ ಪಾಠವೇ ನೀರಿನ ಮರ್ಯಾದೆ.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದು ಮೂರನೆಯದು. ಶಾಲಾ ವಯಸ್ಸಿನ ಮಕ್ಕಳಿಗೆ ಈಜನ್ನೂ ನೀರಿನ ಸುರಕ್ಷತೆಯನ್ನೂ ಕಲಿಸುವುದು ಆ ಸಂಸ್ಥೆ ಹೇಳುವ ಮುಖ್ಯ ಉಪಾಯಗಳಲ್ಲೊಂದು.

ಬೆತ್ತದ ಭಯ, ತಪ್ಪು ಭರವಸೆ

ಮಕ್ಕಳು ನೀರಿಗೆ ಹೋಗದಂತೆ ತಡೆದರಾಯಿತು, ಕಲಿಸುವ ಗೊಡವೆಯೇಕೆ ಎನ್ನುವ ಹೆತ್ತವರಿದ್ದಾರೆ. ಪ್ರಿಯ ಸಹೋದರರೇ, ಬೇಸಿಗೆ ರಜೆಯ ಮಧ್ಯಾಹ್ನ ಹನ್ನೆರಡು ವರ್ಷದ ಹುಡುಗನನ್ನು ನೀರಿನಿಂದ ದೂರವಿಡುವ ಬೀಗ ಇನ್ನೂ ತಯಾರಾಗಿಲ್ಲ. ನೀವು ಕರೆದೊಯ್ಯದಿದ್ದರೆ ಅವನು ಕದ್ದು ಹೋಗುತ್ತಾನೆ. ಕದ್ದು ಹೋದವನೊಂದಿಗೆ ಹಿರಿಯರಿರುವುದಿಲ್ಲ, ಹಗ್ಗವಿರುವುದಿಲ್ಲ. ಇನ್ನೂ ಘೋರವಾದುದೊಂದಿದೆ. ಒಬ್ಬ ಮುಳುಗಿದಾಗ ಜೊತೆಯ ಮಕ್ಕಳು ಮನೆಯ ಬೆತ್ತಕ್ಕೆ ಹೆದರಿ ಬಾಯಿಬಿಡದೆ ಮುಚ್ಚಿಡುವುದುಂಟು. ಉಸಿರು ನಿಂತ ಮೇಲೆ ಮಿದುಳಿಗೆ ಉಳಿದಿರುವುದು ನಾಲ್ಕಾರು ನಿಮಿಷ. ಆ ನಿಮಿಷಗಳನ್ನು ನುಂಗುವುದು ಕೆರೆಯಲ್ಲ, ನಮ್ಮ ಬೆತ್ತ. ಆದ್ದರಿಂದ ನಿಮ್ಮ ಮಗುವಿಗೆ ಇಂದೇ ಹೇಳಿಬಿಡಿ: ತಪ್ಪು ಮಾಡಿದ್ದರೂ ಸರಿ, ಅಪಾಯವಾದಾಗ ಓಡಿ ಬಂದು ಹೇಳು, ನಾವು ಹೊಡೆಯುವುದಿಲ್ಲ.

ಇನ್ನು ಕೆಲವರು, ಆಯುಷ್ಯ ಬರೆದಿಟ್ಟಿದೆ, ನೀರಿನಲ್ಲಿ ಮುಳುಗಿ ಸತ್ತವನು ಶಹೀದ್ ಅಲ್ಲವೇ ಎನ್ನುತ್ತಾರೆ. ಮುಳುಗಿ ಸತ್ತವರನ್ನು ಶಹೀದರಲ್ಲಿ ಎಣಿಸಿದ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ, ಸಂದೇಹವಿಲ್ಲ. ಆದರೆ ಆ ಸುವಾರ್ತೆ ಕಂದನನ್ನು ಕಳೆದುಕೊಂಡ ತಾಯಿಯ ಕಣ್ಣೀರೊರೆಸಲಿಕ್ಕೆ ಬಂದುದೇ ಹೊರತು ನಮ್ಮ ಅಲಕ್ಷ್ಯಕ್ಕೆ ರಹದಾರಿಯಾಗಿ ಅಲ್ಲ. ನಿಮ್ಮ ಕೈಗಳಿಂದಲೇ ನಿಮ್ಮನ್ನು ವಿನಾಶಕ್ಕೆ ತಳ್ಳಬೇಡಿ ಎಂಬ ಸೂರಃ ಅಲ್ ಬಕರಾದ ಎಚ್ಚರಿಕೆಯೂ ನಮ್ಮ ಮುಂದಿದೆ.

ತವಕ್ಕುಲ್ ಎಂದರೇನೆಂದು ತಿಳಿಯಬೇಕಾದರೆ ಹ. ಮೂಸಾರ(ಅ) ತಾಯಿಯನ್ನು ನೋಡಿರಿ. ಕಂದನನ್ನು ಹೊಳೆಗೆ ಬಿಡುವಂತೆ ಆಕೆಗೆ ತಿಳಿಸಿದವನು ಅಲ್ಲಾಹನು. ಮಗು ಮರಳಿ ಬರುವುದೆಂಬ ವಾಗ್ದಾನವೂ ಅವನದೇ. ಆದರೂ ಆ ತಾಯಿ ಮಗಳನ್ನು ಕರೆದು, ತಮ್ಮನ ಜಾಡು ಹಿಡಿದು ಹೋಗು ಎಂದಳು. ಆ ಅಕ್ಕ ಯಾರಿಗೂ ಸುಳಿವು ಹತ್ತದಂತೆ ದೂರದಿಂದಲೇ ತಮ್ಮನ ಮೇಲೆ ಕಣ್ಣಿಟ್ಟಳು. ದೇವವಾಗ್ದಾನ ಪಡೆದ ತಾಯಿಯೇ ನೀರಿನ ಮೇಲಿದ್ದ ಮಗುವಿಗೆ ಕಾವಲು ಕಳಿಸಿರುವಾಗ, ಯಾವ ವಾಗ್ದಾನವೂ ಇಲ್ಲದ ನಾವು ಮಕ್ಕಳನ್ನು ಹೊಂಡದ ಬಳಿ ಬಿಟ್ಟು ಫೋನು ನೋಡುತ್ತ ಕೂರಬಹುದೇ?

ಹೆಣ್ಣುಮಕ್ಕಳ ಹಕ್ಕು

ಮುರುಡೇಶ್ವರದಲ್ಲಿ ನಾವು ಕಳೆದುಕೊಂಡದ್ದು ಹೆಣ್ಣುಮಕ್ಕಳನ್ನು. ಹೆಣ್ಣಿಗೆ ಈಜೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕೇ? ಬಟ್ಟೆ ಒಗೆಯಲು ಕೆರೆಗೆ, ದನಕ್ಕೆ ನೀರು ತರಲು ಹೊಂಡಕ್ಕೆ ಹೋಗುವವಳು ಅವಳು. ಕಾಲುಜಾರಿದ ಮಗುವಿನ ಹಿಂದೆ ಮೊದಲು ಧುಮುಕುವವಳೂ ತಾಯಿಯೇ. ನೀರು ಗಂಡು ಹೆಣ್ಣೆಂದು ಭೇದವೆಣಿಸುವುದಿಲ್ಲ.

ಶರೀಅತ್ತು ಇಲ್ಲಿ ಬೇಡುವುದು ಲಜ್ಜೆಯನ್ನು, ಅಜ್ಞಾನವನ್ನಲ್ಲ. ಗಂಡಸರ ನೋಟ ಬೀಳದ ಸ್ಥಳ, ಕಲಿಸಲು ಹೆಂಗಸು ಅಥವಾ ಮಹ್ರಮ್, ಮೈಮುಚ್ಚುವ ಉಡುಪು ಇಷ್ಟಿದ್ದರೆ ಅಡ್ಡಿಯೇನು? ನಗರಗಳ ಅನೇಕ ಈಜುಕೊಳಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಸಮಯವಿರುತ್ತದೆ. ಇಲ್ಲದ ಕಡೆ ಹತ್ತು ಮನೆಯವರು ಸೇರಿ ಕೇಳಿದರೆ ಸಿಗಲೂಬಹುದು. ಪುಟ್ಟ ಹುಡುಗಿಯರಿಗೆ ತಂದೆಯೋ ಅಣ್ಣನೋ ತೋಟದ ತೊಟ್ಟಿಯಲ್ಲೇ ತೇಲುವುದನ್ನು ಕಲಿಸಬಹುದು. ಗಂಡಸರಿಗೂ ಒಂದು ಮಾತು: ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚಬೇಕೆಂಬ ನಿಯಮ ನೀರಿಗಿಳಿದಾಗ ರದ್ದಾಗುವುದಿಲ್ಲ.

ದೇಹಕ್ಕೂ ಮನಸ್ಸಿಗೂ

ಈಜಿನಲ್ಲಿ ತೋಳು, ಬೆನ್ನು, ತೊಡೆ, ಶ್ವಾಸಕೋಶ, ಹೃದಯ ಎಲ್ಲಕ್ಕೂ ಒಟ್ಟಿಗೆ ಕೆಲಸ ದೊರೆಯುತ್ತದೆ. ಕೊರಳವರೆಗಿನ ನೀರಿನಲ್ಲಿ ಕಾಲುಗಳು ಹೊರುವ ಭಾರ ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿಯುವುದರಿಂದ ಮಂಡಿನೋವಿನ ಹಿರಿಯರಿಗೂ ಸ್ಥೂಲಕಾಯದವರಿಗೂ ಇದು ಹಿತವಾದ ವ್ಯಾಯಾಮ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹತೋಟಿಗೆ ನೆರವಾಗುತ್ತದೆ. ನಿದ್ದೆ ಚೆನ್ನಾಗಿ ಬರುತ್ತದೆ. ಎಡಗೈ ಪೂರ್ಣ ಬೆಳೆಯದೆ ಹುಟ್ಟಿದ ಬೆಂಗಳೂರಿನ ಶರತ್ ಗಾಯಕ್‌ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಈಜಿನಲ್ಲಿ ಆರು ಪದಕ ಗೆದ್ದರು. ಅಂಗದ ಕೊರತೆ ಅವರನ್ನು ತಡೆಯಲಿಲ್ಲ. ನಮ್ಮನ್ನು ತಡೆಯುತ್ತಿರುವುದು ಸಂಕೋಚ ಮಾತ್ರ.

ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ದೇಹಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ 60 ನಿಮಿಷವನ್ನು ಇಂದು ಮೊಬೈಲು ಕಬಳಿಸುತ್ತಿದೆ. ನೀರಿನಲ್ಲಿರುವ ಹುಡುಗನ ಕೈಯಲ್ಲಿ ಮೊಬೈಲು ಇರುವುದಿಲ್ಲ. ತಂದೆಯೊಡನೆ ನಗುವ ಬಾಯಿರುತ್ತದೆ. ದೋಣಿ ಹುಟ್ಟು ಹಾಕುವವನು ಜೊತೆಗಾರನ ಲಯಕ್ಕೆ ಹೊಂದಿಕೊಳ್ಳಲೇಬೇಕು. ಜಮಾಅತ್‌ನ ಸಫ್‌ನಂತೆ ಅಲ್ಲಿಯೂ ಒಬ್ಬನೇ ಮುಂದೆ ಹೋಗಲಾಗದು. ಆದರೆ ದೋಣಿ ಹತ್ತುವಾಗ ಜೀವರಕ್ಷಕ ಅಂಗಿ ತೊಡದಿರುವುದು ಧೈರ್ಯವಲ್ಲ, ಮೂರ್ಖತನ.

ಕಲಿಸುವ, ಕಾಪಾಡುವ ಬಗೆ

ನಮ್ಮಂತೆಯೇ ಹಳ್ಳಿಗಳಿಂದ ತುಂಬಿದ ಬಾಂಗ್ಲಾದೇಶದಲ್ಲಿ ಈಜುಕೊಳವಿಲ್ಲವೆಂದು ಕೈಕಟ್ಟಿ ಕೂರಲಿಲ್ಲ. ಊರ ಕೊಳದಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಆಳ ಮೀರದಂತೆ ಬೇಲಿ ಹಾಕಿ, ಸಾವಿರಾರು ಮಕ್ಕಳಿಗೆ ಈಜು ಕಲಿಸಿದರು. ಪ್ರತಿವರ್ಷ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿದ್ದರ ಹಿಂದೆ ಐರ್‌ಲೆಂಡಿನೊಂದಿಗೆ ಆ ದೇಶದ ಪ್ರಯತ್ನವೂ ಇತ್ತು.

ನಾವೂ ಆರಂಭಿಸಬಹುದು. ಶುದ್ಧ ನೀರಿರುವ, ಮೆಟ್ಟಿಲಿರುವ ಬಾವಿಯನ್ನೋ ಸೊಂಟಮಟ್ಟದ ತೊಟ್ಟಿಯನ್ನೋ ಆರಿಸಿರಿ. ಮೊದಲು ಉಸಿರು ಹಿಡಿಯುವುದು, ಆಮೇಲೆ ಅಂಗಾತ ತೇಲುವುದು, ಕೈಕಾಲು ಬಡಿಯುವುದು ಕೊನೆಗೆ. ಈಜು ಬಲ್ಲ ಹಿರಿಯರೊಬ್ಬರು ಕೈಗೆಟಕುವ ದೂರದಲ್ಲಿರಲಿ. ಕಲಿಕೆಯ ಹೊತ್ತು ನಮಾಝ್‌ನ ಹೊತ್ತನ್ನು ನುಂಗದಿರಲಿ. ನಿಂತ ನೀರಿನಲ್ಲಿ ಮೂತ್ರಿಸುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆಂದು ಮಕ್ಕಳಿಗೆ ಮೊದಲೇ ತಿಳಿಸಿರಿ. ಕೃಷಿ ಹೊಂಡವಿರುವ ರೈತ ಸಹೋದರರು ಸುತ್ತ ಬೇಲಿ ಹಾಕಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗಗಳನ್ನು ಇಳಿಬಿಡಲಿ. ಎರಡು ಹಗ್ಗದ ಬೆಲೆ ಒಂದು ಜೀವಕ್ಕಿಂತ ಹೆಚ್ಚಲ್ಲ.

ಯಾರಾದರೂ ಮುಳುಗುತ್ತಿದ್ದರೆ ಕೂಗಿ ಜನರನ್ನು ಸೇರಿಸಿರಿ. ಕೋಲು ಚಾಚಿರಿ, ಹಗ್ಗ, ಸೀರೆ, ದುಪಟ್ಟಾ, ಖಾಲಿ ಕ್ಯಾನು ಏನಿದೆಯೋ ಅದನ್ನು ಎಸೆಯಿರಿ. ತರಬೇತಿಯಿಲ್ಲದವರು ಧುಮುಕಬೇಡಿ, ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಸಾಯುವುದು ಹೀಗೆಯೇ. ಮೇಲೆತ್ತಿದ ಮೇಲೆ ಹೊಟ್ಟೆ ಅದುಮುವುದು, ತಲೆಕೆಳಗಾಗಿ ತಿರುಗಿಸುವುದು ತಪ್ಪು. ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯನ್ನು ಒತ್ತುತ್ತಿರಬೇಕು, 108ಕ್ಕೆ ಕರೆ ಮಾಡಿಸಬೇಕು. ಇದನ್ನು ಪ್ರತಿಯೊಂದು ಮಹಲ್ಲಾದಲ್ಲಿ ಕೆಲವರಾದರೂ ವೈದ್ಯರಿಂದ ಕಲಿತಿರಬೇಕು.

ಒಂದು ಜೀವವನ್ನು ಉಳಿಸಿದವನು ಸಕಲ ಮಾನವರನ್ನು ಉಳಿಸಿದವನಿಗೆ ಸಮಾನನೆಂದು ಸೂರಃ ಅಲ್ ಮಾಇದಾ ಸಾರುತ್ತದೆ. ನಮಾಝ್ ಮಾಡುತ್ತಿರುವವನು ಮುಳುಗುವವನ ಕೂಗನ್ನು ಕೇಳಿದರೆ, ಉಳಿಸಲು ಶಕ್ತನಾಗಿದ್ದಲ್ಲಿ ನಮಾಝನ್ನು ಮುರಿದು ಓಡಬೇಕೆಂದು ನಮ್ಮ ಹನಫೀ ಫುಕಹಾಗಳು ಬರೆದಿದ್ದಾರೆ. ಮುಳುಗುವವನ ರಕ್ಷಣೆಗೆ ಬೇಕಾದರೆ ರಮಝಾನಿನ ಉಪವಾಸವನ್ನೂ ಮುರಿಯಬೇಕೆಂಬುದು ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್‌ರ ಅಭಿಪ್ರಾಯ. ತೊರೆದ ನಮಾಝನ್ನು ಮತ್ತೆ ನಿರ್ವಹಿಸಬಹುದು, ಹೋದ ಜೀವವನ್ನು ಮರಳಿ ತರಲಾಗದು. ಯೋಚಿಸಿರಿ: ಓಡಿಹೋದವನಿಗೆ ಈಜೇ ಬಾರದಿದ್ದರೆ, ಎಸೆಯಲು ಹಗ್ಗವೇ ಇಲ್ಲದಿದ್ದರೆ, ನಮಾಝ್ ಮುರಿದು ಓಡಿದ್ದರಿಂದ ಬಂದ ಫಲವೇನು? ಆದ್ದರಿಂದ ಈ ವಿದ್ಯೆ ಊರಿಗೊಬ್ಬರಲ್ಲೂ ಇಲ್ಲವೆಂದರೆ ಅದರ ಹೊಣೆ ಊರಿನ ಎಲ್ಲರ ಮೇಲಿದೆ.

ಮಕ್ಕಳು ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್ತು. ಮುಂದಿನ ಬೇಸಿಗೆ ರಜೆಯಲ್ಲಿ ಮಕ್ತಬ್‌ನ ಪಾಠದ ಪಟ್ಟಿಗೆ, ಮಸೀದಿ ಕಮಿಟಿಯ ಲೆಕ್ಕದ ಪುಸ್ತಕಕ್ಕೆ ಈಜಿನ ಕಲಿಕೆಯೂ ಸೇರಲಿ. ನೆರೆಮನೆಯ ಮಗುವನ್ನೂ, ಅದು ಯಾರ ಮನೆಯದೇ ಇರಲಿ, ಜೊತೆಗೆ ಕರೆದುಕೊಳ್ಳಿರಿ.

ಅಲ್ಲಾಹನು ನೀರನ್ನು ನಮ್ಮ ಪಾಲಿಗೆ ಅನುಗ್ರಹವಾಗಿಯೇ ಉಳಿಸಲಿ. ನೀರಿನಲ್ಲಿ ಮಕ್ಕಳನ್ನು ಕಳೆದುಕೊಂಡ ಹೆತ್ತವರಿಗೆಲ್ಲ ಸಹನೆಯನ್ನು ನೀಡಲಿ. ನಮ್ಮ ಮಕ್ಕಳ ದೇಹಕ್ಕೆ ಬಲವನ್ನೂ ಹೃದಯಕ್ಕೆ ಈಮಾನನ್ನೂ ದಯಪಾಲಿಸಲಿ. ಆಮೀನ್.